ಪರದೆಯಮ್ಮನ ಒಲೆ

ಗ್ಯಾಸ್ ಸಿಲಿಂಡರಿನ ಹೊಟ್ಟೆಯ ಮೇಲೆ ಒಂದು ಚೊಂಬು ಬಿಸಿನೀರು ಸುರಿದು, ಅಂಗೈಯನ್ನು ಮೇಲಿನಿಂದ ಕೆಳಕ್ಕೆ ಸವರುತ್ತ ಬಂದರೆ ಒಂದು ಕಡೆ ಬಿಸಿ ಹೋಗಿ ತಟ್ಟನೆ ತಣ್ಣಗೆ ಹತ್ತುತ್ತದೆ. ಗ್ಯಾಸ್ ಉಳಿದಿರುವುದು ಅಲ್ಲಿಂದ ಕೆಳಗೆ. ಈ ಉಪಾಯವನ್ನು ಪರದೆಯಮ್ಮನಿಗೆ ಹೇಳಿಕೊಟ್ಟವನು ಅವಳಿಗೆ ವ್ಯಾನು ಮಾರಿದ ನಿವೃತ್ತ ಬಸ್ ಡ್ರೈವರು. ಆಗಾಗ ನೋಡಿಕೊಂಡರೆ ಸಾಕು ಎಂದು ಅವನು ಹೇಳಿದ್ದ. ಪರದೆಯಮ್ಮ ದಿನಾ ಬೆಳಿಗ್ಗೆ ಎದ್ದು, ಮುಖ ತೊಳೆಯುವ ಮೊದಲೇ ವ್ಯಾನಿನ ಹಿಂದಿನ ಪೆಟ್ಟಿಗೆ ತೆಗೆದು ಸಿಲಿಂಡರನ್ನು ಸವರುತ್ತಿದ್ದಳು. ಆ ತಣ್ಣನೆಯ ಗೆರೆ ಇಳಿಯುತ್ತ ಇಳಿಯುತ್ತ ಈಗ ತಳದ ಹತ್ತಿರ ಬಂದು ಕೂತಿತ್ತು.

ಗ್ಯಾಸ್ ಮುಗಿದರೆ ಇನ್ನೊಂದು ತರಬಹುದು, ಅದೇನು ಮಹಾ. ಆದರೆ ಅವಳು ತನಗೆ ತಾನೇ ಒಂದು ಮಾತು ಕೊಟ್ಟುಕೊಂಡಿದ್ದಳು. ಈ ಸಿಲಿಂಡರು ಮುಗಿಯುವುದರೊಳಗೆ, ವ್ಯಾನುಗಳಲ್ಲೇ ವಾಸಿಸುವವರು ತಂಗುವ ಈ ಮೈದಾನದಲ್ಲಿ ಒಬ್ಬರಾದರೂ ತನ್ನ ವ್ಯಾನಿಗೆ ಬಂದು ಕೂತರೆ ಇಲ್ಲೇ ಇರುವುದು. ಯಾರೂ ಬರದಿದ್ದರೆ ವ್ಯಾನು ಮಾರಿ, ಬಾಯಿ ಮುಚ್ಚಿಕೊಂಡು ತಮ್ಮನ ಮನೆಗೆ ವಾಪಸಾಗುವುದು. ಜೀವನದಲ್ಲಿ ಮೊದಲ ಸಲ ತನ್ನದು ಅಂತ ಒಂದು ಬಾಗಿಲು ಸಿಕ್ಕಿತ್ತು ಅವಳಿಗೆ. ಆ ಬಾಗಿಲು ಇರುತ್ತದೋ ಹೋಗುತ್ತದೋ ಎನ್ನುವುದು ಈಗ ನಾಲ್ಕು ಬೆರಳಗಲದ ಗ್ಯಾಸಿನ ಮೇಲೆ ನಿಂತಿತ್ತು.

ತಮ್ಮನ ಮನೆಯಿಂದ ಅವಳನ್ನು ಯಾರೂ ಹೊರಗೆ ಹಾಕಿರಲಿಲ್ಲ, ಆ ಮಾತು ಹೇಳಿದರೆ ಪಾಪ ಬರುತ್ತದೆ. ತಮ್ಮ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ದಿನವಿಡೀ ಮೊಣಕಾಲೂರಿ ಕೂತು ಕಂಡವರ ಕಾಲಿಗೆ ಬೂಟು ತೊಡಿಸುವ ಮೆತ್ತನೆ ಮನುಷ್ಯ. ಅವನ ಹೆಂಡತಿಯೂ ಕೆಟ್ಟವಳಲ್ಲ. ಆದರೆ ಅಪಾರ್ಟ್‌ಮೆಂಟಿನ ಮೆಟ್ಟಿಲಿನಲ್ಲಿ ಅಡುಗೆಯ ವಾಸನೆ ಇಳಿದು ಬರುತ್ತದೆ ಎಂದು ಕೆಳಗಿನ ಮನೆಯವರು ಒಮ್ಮೆ ದೂರು ಕೊಟ್ಟಿದ್ದರು. ಅಂದಿನಿಂದ ಪರದೆಯಮ್ಮ ಅಡುಗೆಮನೆಗೆ ಕಾಲಿಟ್ಟರೆ ಸಾಕು, ಒಳಗಿನಿಂದ ಆ ಹೆಂಗಸಿನ ದನಿ ಬರುತ್ತಿತ್ತು: "ಅಕ್ಕಾ, ಬಾಗಿಲು." ಅಷ್ಟೇ. ಸಿಟ್ಟಿಲ್ಲ, ಸೆಡವಿಲ್ಲ, ಎರಡೇ ಮಾತು, ವರ್ಷಗಟ್ಟಲೆ. ಪರದೆಯಮ್ಮನ ಕೈಗೆ ಅದೊಂದು ಪಾಠವಾಗಿ ಹೋಯಿತು. ಮೊದಲು ಬಾಗಿಲು, ಆಮೇಲೆ ಕಿಟಕಿ, ಆಮೇಲೆ ಬೆಂಕಿಕಡ್ಡಿ.

ಆಮೇಲೆ ಅವಳ ಕೋಣೆಗೆ ಇಸ್ತ್ರಿ ಮೇಜು ಬಂತು. ಅದರ ಹಿಂದೆ ಯಾರೂ ತುಳಿಯದ ಸೈಕಲ್ಲು ಬಂತು. ಸೂಟ್‌ಕೇಸುಗಳು ಸಂಸಾರ ಸಮೇತ ಬಂದವು. ಒಂದು ದಿನ ಮಂಚದ ಹತ್ತಿರ ಹೋಗಲು ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕಾಯಿತು. ಅವತ್ತೇ ಅವಳು ವ್ಯಾನಿನ ವಿಷಯ ಎತ್ತಿದ್ದು. ಜೀವನವಿಡೀ ಬೇರೆಯವರ ಕಿಟಕಿಗಳಿಗೆ ಪರದೆ ಹೊಲಿದು ಕೂಡಿಟ್ಟಿದ್ದು ಅದಕ್ಕೆ ಸಾಕಾಯಿತು. "ಯಾವಾಗ ಬೇಕಾದ್ರೂ ವಾಪಸ್ ಬಾ ಅಕ್ಕಾ, ಕೋಣೆ ಖಾಲಿ ಮಾಡ್ಸಿರ್ತೀನಿ," ಎಂದಿದ್ದ ತಮ್ಮ. ಪ್ರೀತಿಯಿಂದಲೇ ಹೇಳಿದ್ದ. ಆದರೂ ತಾನು ಇರಬೇಕಾದರೆ ಏನನ್ನೋ ಖಾಲಿ ಮಾಡಿಸಬೇಕಲ್ಲ ಎಂಬುದು ಅವಳಿಗೆ ಮುಳ್ಳಿನ ಹಾಗೆ ಚುಚ್ಚಿತ್ತು.

ವ್ಯಾನಿನಲ್ಲಿ ಒಂದು ಮಂಚ, ಒಂದು ಮಡಚುವ ಮೇಜು, ಮೂಲೆಯಲ್ಲಿ ಆ ಒಲೆ. ಮೇಲೆ ಎರಡು ಉರಿ, ಕೆಳಗೆ ಒಂದೇ ಒಂದು ತಟ್ಟೆ ಹಿಡಿಸುವ ಪುಟ್ಟ ಓವನ್ನು. ಓವನ್ನಿಗೆ ಅದರದೇ ಆದ ಕೊಬ್ಬು. ಗುಂಡಿಯನ್ನು ಒತ್ತಿ ಹಿಡಿದು, ಒಳಗಿನ ತೂತಿಗೆ ಬೆಂಕಿಕಡ್ಡಿ ತೋರಿಸಿ, ಉರಿ ಹತ್ತಿದ ಮೇಲೂ ಬಿಡದೆ ಒತ್ತಿಕೊಂಡೇ ಇರಬೇಕು. ಅವಸರ ಮಾಡಿದರೆ ಪುಸಕ್ ಎಂದು ಆರಿಹೋಗುತ್ತದೆ. ಹಿಂಭಾಗ ಸುಡುತ್ತದೆ, ಮುಂಭಾಗ ಹಸಿಯಾಗಿ ಉಳಿಯುತ್ತದೆ. ಅರ್ಧ ಬೆಂದ ಮೇಲೆ ತಟ್ಟೆಯನ್ನು ತಿರುಗಿಸಿಡಬೇಕು. ಇಷ್ಟು ಮುದ್ದು ಮಾಡಿದರೆ ಎಂಥ ಕೇಕು ಕೊಡುತ್ತಿತ್ತು! ಕಿತ್ತಳೆ ಸಿಪ್ಪೆ ತುರಿದು ಹಾಕಿದ ಅವಳ ಕೇಕು ಉಬ್ಬಿ ಬಂದಾಗ ಹೊಗಳಲು ಎದುರಿಗೆ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ ಎನ್ನುವುದೇ ಸಂಕಟ. ಒಬ್ಬಳೇ ತಿಂದಷ್ಟು ತಿಂದು, ಮಿಕ್ಕಿದ್ದನ್ನು ಒಣಗಿಸಿ, ಮಾರನೆಯ ದಿನ ಚಹಾದಲ್ಲಿ ಅದ್ದಿ ಮುಗಿಸುತ್ತಿದ್ದಳು.

ಮೈದಾನದಲ್ಲಿ ಜನ ಇರಲಿಲ್ಲವೆಂದಲ್ಲ. ಊರಾಚೆಯ ಆ ಜಾಗದಲ್ಲಿ ನಲ್ಲಿ ಇತ್ತು, ಸಾಲಾಗಿ ಶೌಚಾಲಯಗಳಿದ್ದವು, ಒಬ್ಬ ಕಾವಲುಗಾರನಿದ್ದ. ಅವಳ ವ್ಯಾನಿನಂಥ ಹತ್ತಾರು ವ್ಯಾನುಗಳು ಅಲ್ಲಿ ನಿಂತಿದ್ದವು. ಸಂಜೆಯಾದರೆ ಒಂದು ವ್ಯಾನಿನಿಂದ ಇನ್ನೊಂದಕ್ಕೆ ಜನ ಕೈಯಲ್ಲಿ ಕಪ್ಪು ಹಿಡಿದುಕೊಂಡು ಓಡಾಡುವುದು ಅವಳಿಗೆ ಪರದೆಯ ಸಂದಿಯಿಂದ ಕಾಣುತ್ತಿತ್ತು. ಎಡಗಡೆಯ ವ್ಯಾನಿನಲ್ಲಿ ನಾಯಿ ಸಾಕಿದ ಒಬ್ಬ ಗಂಡಸು. ಎದುರಿಗೆ ಊರೂರು ಸುತ್ತಿ ಸೈಕಲ್ ರಿಪೇರಿ ಮಾಡುವ ಒಬ್ಬ ಹೆಂಗಸು. ಇಬ್ಬರೂ ನಲ್ಲಿಯ ಹತ್ತಿರ ಸಿಕ್ಕರೆ ತಲೆಯಾಡಿಸುತ್ತಿದ್ದರು. ಅವಳ ಬಾಗಿಲಿಗೆ ಮಾತ್ರ ಯಾರೂ ಬರಲಿಲ್ಲ. ತನ್ನ ಮುಖದಲ್ಲೇ ಏನೋ ಇದೆ, ನೋಡಿದವರಿಗೆ ಮಾತಾಡಿಸುವ ಮನಸ್ಸಾಗುವುದಿಲ್ಲ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಸಣ್ಣ ಕನ್ನಡಿಯಲ್ಲಿ ಆ ಮುಖವನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಿದ್ದೂ ಉಂಟು.

ಇದನ್ನೆಲ್ಲ ತಮ್ಮನಿಗೆ ಹೇಳಲಾಗುತ್ತದೆಯೇ? ಮೊದಲ ಸಂಜೆ ಅವನು ಫೋನ್ ಮಾಡಿ, "ಒಬ್ಳೇ ಇದೀಯಾ ಅಕ್ಕಾ?" ಎಂದು ಕೇಳಿದಾಗ ಹೂಂ ಎನ್ನಬೇಕೆಂದಿದ್ದಳು. ಬಾಯಿಗೆ ಬಂದದ್ದು ಬೇರೆಯೇ.

"ಇಲ್ವೋ, ಪಕ್ಕದವರು ಬಂದಿದಾರೆ. ಕೇಕ್ ಕೊಡ್ತಾ ಇದ್ದೆ."

ಒಮ್ಮೆ ಕರೆದ ಅತಿಥಿಗಳನ್ನು ಹಾಗೇ ಕಳಿಸಲಾಗುತ್ತದೆಯೇ? ಅವರು ದಿನಾ ಬರತೊಡಗಿದರು. ನಾಯಿಯವನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾನೆ ಎಂದಳು. ಸೈಕಲ್ಲಿನವಳಿಗೆ ಮೂಗಿನ ತುದಿಯಲ್ಲೇ ಕೋಪ, ಆದರೆ ತನ್ನ ಕೇಕೆಂದರೆ ಪ್ರಾಣ ಎಂದಳು. ಆ ನಾಯಿಗೂ ಒಂದು ತುಂಡು ತೆಗೆದಿಡಬೇಕಂತೆ, ಇಲ್ಲದಿದ್ದರೆ ಮುನಿಸಂತೆ! ತಮ್ಮ ಆ ಕಡೆಯಿಂದ ನಗುತ್ತಿದ್ದ. "ಸರಿ ಬಿಡು, ಜನ ಇದಾರೆ, ಆಮೇಲೆ ಮಾಡ್ತೀನಿ," ಎಂದು ಬೇಗ ಫೋನ್ ಇಡುತ್ತಿದ್ದ. ಒಮ್ಮೆ ಮಾತ್ರ, "ಅಕ್ಕಾ, ಭಾನುವಾರ ನನಗೆ ರಜ ಇತ್ತು..." ಎಂದು ಏನೋ ತೆಗೆದಿದ್ದ. ಅವಳು ಸುಳ್ಳಿನ ಭರದಲ್ಲಿ, "ಭಾನುವಾರ ಅಂತೂ ಕೇಳ್ಬೇಡ, ಇಲ್ಲಿ ಕೂರಕ್ಕೂ ಜಾಗ ಇರಲ್ಲ," ಎಂದುಬಿಟ್ಟಳು. ಅವನು ಸರಿ ಎಂದು ಮಾತು ಬದಲಿಸಿದ್ದ. ಫೋನ್ ಇಟ್ಟ ಮೇಲೆ ಒಳಗೆ ಎಷ್ಟು ಮೌನವಿರುತ್ತಿತ್ತೆಂದರೆ ಒಲೆಯ ಮೇಲೆ ಕೆಟಲು ಆರುತ್ತ ಟಿಕ್ ಟಿಕ್ ಎನ್ನುವುದು ಕೇಳುತ್ತಿತ್ತು. ಆಗ ಅವಳಿಗೆ ನಿಜಕ್ಕೂ ಅಳು ಬರುತ್ತಿತ್ತು.

ಚಳಿ ಶುರುವಾದ ಮೇಲೆ ಅವಳು ತನ್ನ ವಿದ್ಯೆಯನ್ನೆಲ್ಲ ವ್ಯಾನಿಗೆ ಸುರಿದಳು. ಪ್ರತಿ ಕಿಟಕಿಗೂ ಎರಡು ಪದರದ ಪರದೆ, ಗಾಳಿಯ ಎಳೆಯೂ ನುಸುಳದ ಹಾಗೆ. ಬಾಗಿಲ ಕೆಳಗಿನ ಸಂದಿಗೆ ಹತ್ತಿ ತುಂಬಿದ ಉದ್ದನೆಯ ಬಟ್ಟೆಯ ಸುರುಳಿ. ಮೇಲ್ಛಾವಣಿಯ ಕಿಂಡಿಗೆ ಅಳತೆ ತೆಗೆದು ಹೊಲಿದ ದಿಂಬು. "ಒಲೆ ಹಚ್ಚಿದಾಗ ಮೇಲಿನ ಕಿಂಡಿ ತೆಗೆದಿಡಿ," ಎಂದು ಬಸ್ ಡ್ರೈವರು ಹೇಳಿದ್ದು ಅವಳಿಗೆ ನೆನಪಿತ್ತು. ವಾಸನೆ ಹೊರಗೆ ಹೋಗಲಿ ಎಂದು ಹೇಳಿರಬೇಕು ಅಂದುಕೊಂಡಳು. ತನ್ನ ಅಡುಗೆಯ ವಾಸನೆಯನ್ನು ಅಕ್ಕಪಕ್ಕದವರ ತಲೆಗೆ ಕಟ್ಟುವುದೇ? ಮೊದಲೇ ಯಾರೂ ಮಾತಾಡಿಸುವುದಿಲ್ಲ, ಇನ್ನು ದೂರು ಬೇರೆ ಬರಬೇಕೇ? ಮೊದಲು ಬಾಗಿಲು, ಆಮೇಲೆ ಕಿಟಕಿ, ಆಮೇಲೆ ಬೆಂಕಿಕಡ್ಡಿ.

ಗೋಡೆಯ ಮೇಲೆ ಬಸ್ ಡ್ರೈವರು ಅಂಟಿಸಿಟ್ಟ ಒಂದು ಬಿಳಿ ಡಬ್ಬಿ ಇತ್ತು. "ಇದು ಕೂಗಿದ್ರೆ ಮೊದಲು ಬಾಗಿಲು ತೆಗೀರಿ, ಆಮೇಲೆ ಯೋಚನೆ ಮಾಡಿ," ಎಂದಿದ್ದ. ಅದು ಅವಳು ಕೇಕು ಇಟ್ಟಾಗಲೆಲ್ಲ ಕಿವಿ ಹರಿಯುವಂತೆ ಕೂಗತೊಡಗಿತು. ಬೆಂಕಿ ಬಿದ್ದಿಲ್ಲ, ಹೊಗೆಯಿಲ್ಲ, ಸುಮ್ಮನೆ ರಂಪ! ಕೆಟ್ಟಿದೆ ಎಂದುಕೊಂಡು ಕಿತ್ತು, ದಪ್ಪ ಬಟ್ಟೆಯ ಚೀಲ ಹೊಲಿದು ಅದರಲ್ಲಿ ಹಾಕಿ, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಹೊದಿಕೆಗಳ ನಡುವೆ ತುರುಕಿದಳು. ಕೂಗುವುದಾದರೆ ಅಲ್ಲೇ ಕೂಗಿಕೊಳ್ಳಲಿ.

ಅದೇ ದಿನಗಳಲ್ಲಿ ಅವಳಿಗೆ ತಲೆನೋವು ಹತ್ತಿಕೊಂಡಿತು. ಮಧ್ಯಾಹ್ನ ಒಲೆಯ ಮುಂದೆ ಕೂತರೆ ಸಂಜೆಗೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು, ಕೈಕಾಲು ಯಾರದೋ ಎಂಬಂತೆ ಸೋಲುತ್ತಿದ್ದವು. ಒಂಟಿತನ ಎಂದರೆ ಹೀಗೇ ಇರುತ್ತದೆ ಎಂದು ಅವಳು ನಂಬಿದಳು. ಮಾತಿಲ್ಲದೆ ಒಳಗೇ ಕೂತರೆ ಮನುಷ್ಯರಿಗೆ ತಲೆನೋವು ಬಾರದೆ ಇನ್ನೇನು ಬರುತ್ತದೆ? ನಲ್ಲಿಗೆ ಹೋಗಿ ನೀರು ಹಿಡಿದು ಬರುವಷ್ಟರಲ್ಲಿ ನೋವು ಇಳಿಯುತ್ತಿತ್ತು. ನಾಲ್ಕು ಜನರ ಮುಖ ಕಂಡದ್ದಕ್ಕೆ ಎಂದು ಅದಕ್ಕೂ ಅರ್ಥ ಹಚ್ಚಿದಳು.

ಸಿಲಿಂಡರಿನ ಗೆರೆ ತಳ ಮುಟ್ಟಿದ ಆ ಮಧ್ಯಾಹ್ನ ಅವಳು ಕೊನೆಯ ಕೇಕಿಗೆ ಹಿಟ್ಟು ಕಲಸಿದಳು. ನಾಳೆ ತಮ್ಮನಿಗೆ ಹೇಳಿಬಿಡಬೇಕು, ಬರುತ್ತೇನೆ ಎಂದು. ಏನೆಂದು ಹೇಳುವುದು? ಅಷ್ಟು ಜನ ಗೆಳೆಯರನ್ನು ಬಿಟ್ಟು ಯಾಕೆ ಬರುತ್ತೀ ಎಂದು ಕೇಳಿದರೆ? ಓವನ್ನು ಹಚ್ಚಿ, ಮೇಲಿನ ಉರಿಯಲ್ಲಿ ಚಹಾಕ್ಕೆ ನೀರಿಟ್ಟು, ಅವಳು ಒಲೆಯ ಮುಂದೆಯೇ ಕೂತಳು. ಉರಿ ಹಳದಿಯಾಗಿ ಕುಣಿಯುತ್ತಿತ್ತು. ಮೊದಲೆಲ್ಲ ನೀಲಿಯಾಗಿತ್ತು, ಈಚೆಗೆ ಹಳದಿ. ಅವಳಿಗೆ ಈ ಬಣ್ಣವೇ ಇಷ್ಟ, ನೋಡಿದರೆ ಬೆಚ್ಚಗೆನಿಸುತ್ತಿತ್ತು. ತಟ್ಟೆ ತಿರುಗಿಸಬೇಕು ಎಂದುಕೊಂಡಳು. ಏಳಲಾಗಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತು, ಎಂದುಕೊಂಡು ಗೋಡೆಗೆ ತಲೆ ಆನಿಸಿದಳು.

ಆಗ ಎಲ್ಲಿಂದಲೋ ಸಣ್ಣ ದನಿಯೊಂದು ಕೇಳಿತು. ಬೆಕ್ಕಿನ ಮರಿ ಅತ್ತ ಹಾಗೆ, ಬಿಟ್ಟು ಬಿಟ್ಟು, ತೀರಾ ದೂರದಿಂದ. ಮಂಕು ಕವಿದ ತಲೆಗೆ ಅದು ಬಾಗಿಲ ಆಚೆಯಿಂದ ಬರುತ್ತಿದೆ ಎನಿಸಿತು. ಬಾಗಿಲಿಗೆ ಯಾರೋ ಬಂದಿದ್ದಾರೆ! ಬೆಕ್ಕೋ, ಮಗುವೋ, ಯಾರಾದರೇನು, ಕೊನೆಗೂ ಒಂದು ಜೀವ ತನ್ನ ಬಾಗಿಲಿಗೆ ಬಂದಿದೆ. ಆ ಆಸೆಗೆ ಅವಳು ಎದ್ದಳು. ಎದ್ದಳು ಅನ್ನುವುದು ಹೆಚ್ಚಾಯಿತು. ಮೇಜು ಹಿಡಿದು, ಮಂಚ ಹಿಡಿದು, ತೆವಳಿಕೊಂಡು ಹೋಗಿ, ಹತ್ತಿಯ ಸುರುಳಿಯನ್ನು ಕಾಲಿನಿಂದ ಒದ್ದು, ಬಾಗಿಲನ್ನು ಜಾರಿಸಿದಳು.

ಹೊರಗೆ ಯಾರೂ ಇರಲಿಲ್ಲ. ತಣ್ಣನೆ ಗಾಳಿ ಮುಖಕ್ಕೆ ರಪ್ಪೆಂದು ಬಡಿಯಿತು. ಕಾಲು ಕುಸಿದು ಮೆಟ್ಟಿಲಿನ ಮೇಲೇ ಕೂತುಬಿಟ್ಟಳು. ಬೆನ್ನ ಹಿಂದೆ ಬಾಗಿಲು ಹಾರು ಹೊಡೆದಿತ್ತು, ಕಿತ್ತಳೆಯ ಪರಿಮಳ ಮೈದಾನದ ತುಂಬ ಹರಡುತ್ತಿತ್ತು, ಮುಚ್ಚಲು ಕೈಯಲ್ಲಿ ತ್ರಾಣವಿರಲಿಲ್ಲ.

ಮೊದಲು ಬಂದದ್ದು ನಾಯಿ. ಅದರ ಹಿಂದೆ ನಾಯಿಯವನು, ಕೈಯಲ್ಲಿ ಖಾಲಿ ಕಪ್ಪು. ದೂರದಲ್ಲೇ ನಿಂತು, ಕೆಮ್ಮಿ, ನೆಲ ನೋಡುತ್ತ ಹೇಳಿದ.

"ಬಾಗಿಲು ತೆಗೆದಿತ್ತಲ್ಲ... ಅದಕ್ಕೇ ಬಂದೆ."

ಪರದೆಯಮ್ಮನಿಗೆ ಇವನೇನು ಹೇಳುತ್ತಿದ್ದಾನೆ ಎಂದು ತಿಳಿಯಲಿಲ್ಲ. ಅಷ್ಟರಲ್ಲಿ ಎದುರಿನಿಂದ ಸೈಕಲ್ಲಿನವಳೂ ಕಪ್ಪು ಹಿಡಿದು ನಗುತ್ತ ಬಂದಳು. ಹತ್ತಿರ ಬಂದು ಇವಳ ಮುಖ ನೋಡಿದವಳೇ ಕಪ್ಪನ್ನು ನಾಯಿಯವನ ಕೈಗೆ ತುರುಕಿ, ಉಸಿರು ಬಿಗಿಹಿಡಿದು ಒಳಗೆ ನುಗ್ಗಿದಳು. ಒಲೆಯ ಗುಂಡಿಗಳನ್ನು ತಿರುಗಿಸಿದ ಸದ್ದು, ಪರದೆಗಳನ್ನು ಸರ್ರನೆ ಎಳೆದ ಸದ್ದು, ಮೇಲಿನ ದಿಂಬು ದೊಪ್ಪನೆ ಬಿದ್ದ ಸದ್ದು. ಆಮೇಲೆ ಬಟ್ಟೆಯ ಚೀಲದೊಳಗೆ ಇನ್ನೂ ಅಳುತ್ತಿದ್ದ ಬಿಳಿ ಡಬ್ಬಿಯನ್ನು ಹಿಡಿದುಕೊಂಡು ಹೊರಗೆ ಬಂದಳು.

"ಏನಮ್ಮಾ ಇದು? ಬಾಟಲಿಗೆ ಬಿರಡೆ ಜಡಿದ ಹಾಗೆ ಜಡಿದಿದೀರಲ್ಲ! ಉರಿ ಹಳದಿ ಆಗಿದ್ದು ನೋಡ್ಲಿಲ್ವಾ? ಒಳಗಿನ ಗಾಳಿನೆಲ್ಲಾ ಒಲೆ ತಿಂದು, ವಿಷ ಬಿಡ್ತಾ ಇತ್ತು. ಅದಕ್ಕೆ ವಾಸನೆನೂ ಇರಲ್ಲ, ಅದಕ್ಕೇ ಈ ಡಬ್ಬಿ ಕೂಗೋದು. ಇನ್ನೊಂದು ಸ್ವಲ್ಪ ಹೊತ್ತಾಗಿದ್ರೆ..." ಅವಳು ಮಾತು ನುಂಗಿದಳು. "ತಲೆನೋವು ಬರ್ತಿರಲಿಲ್ವಾ ನಿಮಗೆ?"

"ಬರ್ತಿತ್ತು," ಎಂದಳು ಪರದೆಯಮ್ಮ. "ಒಬ್ಳೇ ಇರೋದಕ್ಕೆ ಬರತ್ತೆ ಅಂದ್ಕೊಂಡಿದ್ದೆ."

ಸೈಕಲ್ಲಿನವಳು ಅವಳನ್ನು ಎಬ್ಬಿಸಿ, ಸೊಂಟಕ್ಕೆ ಕೈ ಕೊಟ್ಟು, ಮೈದಾನದಲ್ಲಿ ಮೆಲ್ಲಗೆ ಓಡಾಡಿಸಿದಳು. ನೀರು ಕುಡಿಸಿದಳು. ಊರೊಳಗಿನ ಡಾಕ್ಟರ ಹತ್ತಿರ ಹೋಗೋಣ ಎಂದು ಹಟ ಹಿಡಿದು, ತನ್ನ ವ್ಯಾನಿನಲ್ಲೇ ಕೂರಿಸಿಕೊಂಡು ಹೋಗಿ ಬಂದಳು. ಡಾಕ್ಟರು ಮೂಗಿಗೆ ಗಾಳಿಯ ನಳಿಗೆ ಹಿಡಿಸಿ, ಬುದ್ಧಿ ಹೇಳಿ ಕಳಿಸಿದರು. ವಾಪಸು ಬರುವಾಗ ಪರದೆಯಮ್ಮನ ತಲೆ ಎಷ್ಟೋ ದಿನಗಳ ಮೇಲೆ ತಿಳಿಯಾಗಿತ್ತು. ಆಗ ಧೈರ್ಯ ಮಾಡಿ ಕೇಳಿದಳು.

"ಇಷ್ಟು ದಿನ ನನ್ ಹತ್ರ ಯಾರೂ ಯಾಕೆ ಬರ್ಲಿಲ್ಲ?"

ಸೈಕಲ್ಲಿನವಳು ಬಾಯಿ ಬಿಟ್ಟುಕೊಂಡು ಅವಳನ್ನು ನೋಡಿದಳು. "ಬಾಗಿಲು ಮುಚ್ಚಿತ್ತಲ್ಲಮ್ಮಾ! ನಮ್ಮಲ್ಲಿ ಮುಚ್ಚಿದ ಬಾಗಿಲು ತಟ್ಟಲ್ಲ. ಇರೋ ಗೂಡೇ ಇಷ್ಟು, ಒಳಗಿದ್ದವರಿಗೆ ಯಾರೂ ಬೇಡ ಅನ್ನಿಸಿರತ್ತೆ ಅಂತ. ತೆಗೆದಿಟ್ರೆ ಬನ್ನಿ ಅಂತ ಅರ್ಥ. ಅವರವರ ಕಪ್ ಅವರೇ ತರಬೇಕು ಅಷ್ಟೇ, ಯಾರ ವ್ಯಾನಲ್ಲೂ ಅಷ್ಟೊಂದು ಕಪ್ ಇರಲ್ಲ. ನಿಮ್ಮ ಪರದೆನೋ, ಅಬ್ಬಬ್ಬಾ, ಅಷ್ಟು ಚೆನ್ನಾಗಿ ಎಳೆದಿರ್ತಿದ್ರಿ! ಯಾರಿಗೋ ತುಂಬಾ ಬೇಜಾರಾಗಿದೆ, ತೊಂದರೆ ಕೊಡೋದು ಬೇಡ ಅಂತ ಸುಮ್ನಿದ್ವಿ. ಪರದೆಯಮ್ಮ ಅಂತ ಹೆಸರೂ ಇಟ್ಟಿದ್ವಿ, ಬೇಜಾರು ಮಾಡ್ಕೋಬೇಡಿ."

ಪರದೆಯಮ್ಮನಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣು ತುಂಬಿತು. ತಾನು ಜನರಿಗೆ ತೊಂದರೆಯಾಗಬಾರದೆಂದು ಮುಚ್ಚಿದ್ದು, ಅವರು ತನಗೆ ತೊಂದರೆಯಾಗಬಾರದೆಂದು ಬಾರದೆ ಇದ್ದದ್ದು. ಎಂಥ ಮರ್ಯಾದಸ್ಥರು ಎಲ್ಲರೂ!

ಸಂಜೆಗೆ ಮುಂಚೆ ಬಾಗಿಲು, ಕಿಟಕಿ, ಕಿಂಡಿ ಎಲ್ಲ ತೆಗೆದಿಟ್ಟು ಅರ್ಧ ಬೆಂದ ಕೇಕನ್ನು ಮತ್ತೆ ಓವನ್ನಿಗಿಟ್ಟರು. ಚಳಿಗೆ ಮೂವರೂ ಶಾಲು ಹೊದ್ದು ಕೂತಿದ್ದರು. ನಾಯಿಯವನು ಒಂದು ಮಾತೂ ಆಡದೆ ನಾಯಿಯ ಕಿವಿ ಸವರುತ್ತಿದ್ದ; ತಮ್ಮನಿಗೆ ಹೇಳಿದ ಆ ಹಾಸ್ಯಗಾರ ಎಲ್ಲಿ ಹೋದನೋ. ಮೂಗಿನ ತುದಿಯಲ್ಲಿ ಕೋಪವಿದ್ದವಳೇ ಎಲ್ಲರ ಪಾಲಿನ ನಗುವನ್ನೂ ನಗುತ್ತಿದ್ದಳು. ಇದ್ದಕ್ಕಿದ್ದಂತೆ ಒಲೆ ಪುಸಕ್ ಎಂದಿತು. ಉರಿ ಸಣ್ಣಗಾಗಿ ಆರಿಹೋಯಿತು. ಪರದೆಯಮ್ಮ ಗುಂಡಿಗೆ ಕೈ ಹಾಕಲಿಲ್ಲ. ಸಿಲಿಂಡರು ಮುಗಿದಿದೆ ಎಂದು ಅವಳಿಗೆ ಗೊತ್ತಿತ್ತು. ಎದುರಿಗೆ ಇಬ್ಬರು ಕೂತಿದ್ದರು, ಒಂದು ನಾಯಿಯೂ ಇತ್ತು. ತನಗೆ ತಾನೇ ಕೊಟ್ಟುಕೊಂಡ ಮಾತು ಉಳಿದಿತ್ತು.

"ನ-ನಮ್ಮ ಓವನ್ ಇದೆ," ಎಂದ ನಾಯಿಯವನು. ಅವಳು ಬಿಸಿ ತಟ್ಟೆಯನ್ನು ಬಟ್ಟೆಯಲ್ಲಿ ಹಿಡಿದು, ತನ್ನ ಕಪ್ಪನ್ನು ಕಂಕುಳಲ್ಲಿ ಇರುಕಿಕೊಂಡು, ಮೈದಾನ ದಾಟಿ ಇನ್ನೊಬ್ಬರ ತೆರೆದ ಬಾಗಿಲಿನೊಳಗೆ ಹೋದಳು. ಕೇಕು ಒಂದು ಕಡೆ ಕುಸಿದಿತ್ತು. ಅದರ ಮೇಲೆ ಯಾರೂ ದೂರು ಹೇಳಲಿಲ್ಲ. ನಾಯಿಗೂ ಒಂದು ತುಂಡು ಸಂದಿತು.

ಮಾರನೆಯ ಬೆಳಿಗ್ಗೆ ಮೈದಾನ ಖಾಲಿಯಾಯಿತು. ಚಳಿ ಜೋರಾಗುವ ಮೊದಲು ಎಲ್ಲರೂ ಬಿಸಿಲಿರುವ ಕಡೆಗೆ ಹೊರಡುವುದು ವಾಡಿಕೆಯಂತೆ. ಅವಳಿಗೆ ಅದನ್ನೂ ಮೊದಲೇ ಯಾರೂ ಹೇಳಿರಲಿಲ್ಲ, ಹೇಳಲು ಬಾಗಿಲೆಲ್ಲಿತ್ತು? ಹಿಂದಿನ ಸಂಜೆಯೂ ಅವಳಿಗೆ ಗೊತ್ತಿದ್ದೀತು ಎಂದುಕೊಂಡಿದ್ದರು. ನಾಯಿಯವನು ಕೈಯೆತ್ತಿದ. ಸೈಕಲ್ಲಿನವಳು ಅಪ್ಪಿಕೊಂಡು, ಕಿಂಡಿ ಮರೀಬೇಡಿ ಎಂದು ಗದರಿ, ಹೊರಟಳು. ಎಲ್ಲ ಸಿಕ್ಕ ಒಂದೇ ದಿನಕ್ಕೆ ಎಲ್ಲ ಹೋಯಿತಲ್ಲ ಎಂದುಕೊಂಡಳು ಪರದೆಯಮ್ಮ. ಚಕ್ರಗಳ ಗುರುತು ಬಿದ್ದ ಹುಲ್ಲನ್ನು ನೋಡುತ್ತ ಬಹಳ ಹೊತ್ತು ನಿಂತಳು. ಚಳಿ ಹೆಚ್ಚಾಗಿ ನಲ್ಲಿಯ ನೀರು ನಿಲ್ಲಿಸುವವರೆಗೆ ಇಲ್ಲೇ ಇರಬಹುದು ಎಂದ ಕಾವಲುಗಾರನಿಗೆ ಹೇಳಿ ಹೊಸ ಸಿಲಿಂಡರು ತರಿಸಿದಳು. ಬಿಳಿ ಡಬ್ಬಿಯನ್ನು ಗೋಡೆಗೆ ಮತ್ತೆ ಅಂಟಿಸಿದಳು. ಮೊದಲು ಬಾಗಿಲು ತೆಗೆದಳು, ಆಮೇಲೆ ಕಿಟಕಿ, ಆಮೇಲೆ ಕಿಂಡಿ. ಆಮೇಲೆ ಕಡ್ಡಿ ಗೀರಿದಳು. ಉರಿ ನೀಲಿಯಾಗಿ ಹತ್ತಿತು. ತೆರೆದ ಬಾಗಿಲಿನಾಚೆ ಕಣ್ಣು ಹಾಯುವಷ್ಟು ದೂರ ಯಾರೂ ಇರಲಿಲ್ಲ.

ಸಂಜೆ ತಮ್ಮನ ಫೋನು ಬಂತು.

"ಏನಕ್ಕಾ, ಇವತ್ತು ಯಾರ್ಯಾರು ಬಂದಿದಾರೆ?"

ಅವಳು ಬಾಯಿ ತೆರೆದಳು. ನಾಯಿಯವನ ಹೊಸ ತಮಾಷೆಯೊಂದು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ಅಲ್ಲೇ ಬಿಟ್ಟಳು.

"ಯಾರೂ ಇಲ್ಲ ಕಣೋ. ಒಬ್ಳೇ ಇದೀನಿ. ಇಷ್ಟು ದಿನಾನೂ ಒಬ್ಳೇ ಇದ್ದೆ. ನಿನ್ನೆ ಒಂದು ದಿನ ಬಿಟ್ಟು ಯಾರೂ ಬಂದೇ ಇಲ್ಲ. ಎಲ್ಲಾ ಸುಳ್ಳು ಹೇಳ್ತಿದ್ದೆ."

ಆ ಕಡೆ ಅಂಗಡಿಯಲ್ಲಿ ಯಾರೋ ಬೂಟಿನ ಡಬ್ಬಿಗಳನ್ನು ಜೋಡಿಸುವುದು ಕೇಳುತ್ತಿತ್ತು. ಈಗ ವಾಪಸ್ ಬಾ ಎನ್ನುತ್ತಾನೆ, ಹೇಗೆ ಬೇಡವೆನ್ನುವುದು ಎಂದು ಅವಳು ಮಾತು ಹುಡುಕುತ್ತಿದ್ದಳು.

"ಅಯ್ಯೋ ಅಕ್ಕಾ," ಎಂದ ಅವನು. ದನಿ ಒಡೆದಿತ್ತು. "ಪ್ರತಿ ಭಾನುವಾರ ಹೊರಟು ನಿಲ್ತಿದ್ದೆ ಕಣೇ. ಒಂದ್ಸಲ ಬಸ್ ಸ್ಟಾಂಡ್‌ವರೆಗೂ ಬಂದಿದ್ದೆ. ನಿನ್ ಮನೇಲಿ ಅಷ್ಟು ಜನ, ಕೂರಕ್ಕೂ ಜಾಗ ಇರಲ್ಲ ಅಂದ್ಯಲ್ಲ, ನಾನೆಲ್ಲಿ ನಡುವೆ ಹೋಗಿ ಅಡ್ಡ ಆಗೋದು ಅಂತ ವಾಪಸ್ ಹೋದೆ."

ಪರದೆಯಮ್ಮ ಮೆಟ್ಟಿಲಿನ ಮೇಲೆ ಕೂತಳು. ಒಳಗೆ ಕೆಟಲು ಕುದಿಯುತ್ತಿತ್ತು. ಎದ್ದು ಹೋಗಿ ಆರಿಸಬೇಕೆನಿಸಲಿಲ್ಲ.

"ಈಗ ಬರ್ಲಾ?" ಎಂದ ತಮ್ಮ. "ಈ ಭಾನುವಾರ?"

"ಬಾ," ಎಂದಳು. ಮೂಗೊರೆಸಿಕೊಂಡಳು. "ಬರುವಾಗ ನಿನ್ ಕಪ್ ನೀನೇ ತಗೊಂಡು ಬಾ. ಇಲ್ಲಿ ಹಾಗೇನೇ."